ಬಸ್ಸಿನಲ್ಲಿ ಕೇಳಿದ ಬಾಕಿ

ಹದಿನಾಲ್ಕು ವರ್ಷ ನಾನು ಪಿಗ್ಮಿ ಸಂಗ್ರಹಿಸಿದೆ. ಎರಡೂವರೆ ವರ್ಷ ಕ್ರೆಡಿಟ್ ಕಾರ್ಡ್ ಹಂಚಿದೆ. ಆಮೇಲೆ ಆರು ವರ್ಷ, ಹಂಚಿದ ಅದೇ ಕಾರ್ಡುಗಳ ಬಾಕಿ ವಸೂಲಿ ಮಾಡಿದೆ. ಮೂರು ಕೆಲಸಕ್ಕೂ ತಿರುಗಿದ್ದು ಒಂದೇ ಊರುಗಳು, ಶಿರಸಿ, ಸಿದ್ದಾಪುರ, ಯಲ್ಲಾಪುರ. ಬಾಗಿಲುಗಳೂ ಹೆಚ್ಚುಕಡಿಮೆ ಅವೇ. ಈಗ ಮನೆಯಲ್ಲಿದ್ದೇನೆ. ವಸೂಲಿ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವರು ಬಂದು, "ವಸಂತಣ್ಣ, ಗಿರಾಕಿ ಹತ್ರ ಹ್ಯಾಗೆ ಮಾತಾಡ್ಬೇಕು ಹೇಳಿಕೊಡಿ" ಎಂದು ಕೇಳುತ್ತಾರೆ. ಅವರಿಗೆ ಹೇಳಿಕೊಡುವಷ್ಟು ದೊಡ್ಡ ವಿದ್ಯೆ ನನ್ನಲ್ಲಿಲ್ಲ. ಹೇಗೆ ಮಾತಾಡಬಾರದು ಎಂಬುದನ್ನು ಮಾತ್ರ ಬಲ್ಲೆ. ಅದನ್ನು ಕಲಿತದ್ದು ಬೇರೆಯವರ ಮನೆಯ ಅನ್ನಕ್ಕೆ ಕಲ್ಲು ಹಾಕಿ. ಅದಕ್ಕೇ ಬರೆಯಲು ಕೂತಿದ್ದೇನೆ.

ಪಿಗ್ಮಿಯ ಕಾಲ ಚೆನ್ನಾಗಿತ್ತು. ತೊಂಬತ್ತರ ದಶಕ. ಶಿರಸಿಯ ಒಂದು ಸಹಕಾರಿ ಸಂಘಕ್ಕೆ ನಾನು ಮನೆಮನೆ ಅಂಗಡಿಅಂಗಡಿ ತಿರುಗಿ ದಿನಕ್ಕೆ ಐದು, ಹತ್ತು ರೂಪಾಯಿ ಉಳಿತಾಯದ ಹಣ ತರುತ್ತಿದ್ದೆ. ಹೂ ಮಾರುವವರು, ಹೋಟೆಲಿನವರು, ಸೈಕಲ್ ರಿಪೇರಿಯವರು, ಎಲ್ಲರೂ ನನ್ನ ದಾರಿ ಕಾಯುತ್ತಿದ್ದರು. ಎಷ್ಟೋ ಮನೆಗಳಲ್ಲಿ ಗಂಡನಿಗೆ ತಿಳಿಸದೆ ಹೆಂಡತಿ ಕಟ್ಟುತ್ತಿದ್ದಳು. ನಾನು ಆ ಗುಟ್ಟನ್ನು ಕಾಪಾಡುತ್ತಿದ್ದೆ. ಪುಸ್ತಕಕ್ಕೆ ಸಹಿ ಹಾಕುವಾಗ ಯಾರೂ ಅಂಕಿ ನೋಡುತ್ತಿರಲಿಲ್ಲ. ನಾನು ಬರೆದದ್ದೇ ಲೆಕ್ಕ. ಆ ನಂಬಿಕೆ ನನ್ನ ಆಸ್ತಿ ಎಂದು ನಾನೂ ತಿಳಿದಿದ್ದೆ. ಅದನ್ನು ಮಾರಲಿಕ್ಕೂ ಬರುತ್ತದೆ ಎಂದು ಗೊತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರ ಸುಮಾರಿಗೆ ಸಂಘದ ಪಿಗ್ಮಿ ಕಮಿಷನ್ ಕಡಿಮೆಯಾಯಿತು. ಹುಬ್ಬಳ್ಳಿಯ ಒಂದು ಏಜೆನ್ಸಿ ದೊಡ್ಡ ಬ್ಯಾಂಕಿನ ಕಾರ್ಡುಗಳನ್ನು ಮಾಡಿಸಲು ಜನ ಹುಡುಕುತ್ತಿತ್ತು. ಅಲ್ಲಿನ ಮ್ಯಾನೇಜರ್ ಪಾಟೀಲ್ ಸರ್ ನನ್ನನ್ನು ಕೂರಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ. "ಮಂದಿ ನಿಮ್ಮನ್ನ ಮನಿಯೊಳಗ ಕರೀತಾರೇನ್ರಿ?" ಕರೆಯುತ್ತಾರೆ ಎಂದೆ. "ಹಂಗಾರ ನೀವು ನಾಳಿಂದನ ಶುರು ಮಾಡ್ರಿ."

ಸರಕಾರಿ ಸಂಬಳದ ಜನ ಬೇಕಿತ್ತು. ಶಾಲೆ, ಆಸ್ಪತ್ರೆ, ಬಸ್ ಡಿಪೋ ಹಿಡಿದೆ. ಒಂದು ಅರ್ಜಿಗೆ ನನಗೆ ಮುನ್ನೂರು ರೂಪಾಯಿ. ಯಲ್ಲಾಪುರದ ಡಿಪೋ ಗೇಟಿನ ಪಕ್ಕದ ಚಹಾದಂಗಡಿಯಲ್ಲಿ ಒಂದೇ ವಾರದಲ್ಲಿ ಹನ್ನೊಂದು ಅರ್ಜಿ ತುಂಬಿಸಿದೆ. ಅದರಲ್ಲಿ ಒಂದು ಕಂಡಕ್ಟರ್ ಗಣಪತಿ ನಾಯ್ಕರದು.

ಗಣಪತಿಗೆ ಆಗ ಮೂವತ್ತೆಂಟು ಇರಬಹುದು. ತೆಳ್ಳಗಿನ ಆಳು, ಮಾತು ಕಡಿಮೆ. ಚಿಲ್ಲರೆ ಇಲ್ಲವೆಂದು ಯಾರನ್ನೂ ಗದರಿಸಿದವರಲ್ಲ. ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟರೆ ಇಳಿಯುವಾಗ ತಾವೇ ಕರೆದು ಕೊಡುತ್ತಿದ್ದರು. ಅವರ ಹೆಂಡತಿ ಶಾರದಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು. ಹೈಸ್ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಬಾಡಿಗೆ ಮನೆ.

"ಇದು ಸಾಲ ಅಲ್ದಾ ವಸಂತಣ್ಣ?" ಎಂದು ಅವರು ಅರ್ಜಿ ಹಿಡಿದುಕೊಂಡೇ ಕೇಳಿದರು.

"ಸಾಲ ಅಂದ್ರೆ ಸಾಲ. ಆದ್ರೆ ಒಮ್ಮೆಗೇ ಕಟ್ಟೂದು ಬ್ಯಾಡ. ತಿಂಗ್ಳಿಗೆ ಕನಿಷ್ಠ ಅಂತ ಒಂದು ಮೊತ್ತ ಬರ್ತದೆ. ಅಷ್ಟು ಕಟ್ಟಿದ್ರೆ ಸಾಕು, ಯಾರೂ ಕೇಳೂದಿಲ್ಲ."

'ಅಷ್ಟು ಕಟ್ಟಿದ್ರೆ ಸಾಕು.' ಈ ಮಾತನ್ನು ನಾನು ಮೂರು ತಾಲೂಕಿನಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಕನಿಷ್ಠ ಮೊತ್ತ ಕಟ್ಟಿದರೆ ಬ್ಯಾಂಕಿನವರು ಫೋನ್ ಮಾಡುವುದಿಲ್ಲ, ಅದು ನಿಜ. ಉಳಿದದ್ದಕ್ಕೆ ತಿಂಗಳಿಗೆ ನೂರಕ್ಕೆ ಮೂರರ ಹತ್ತಿರ ಬಡ್ಡಿ ಬೀಳುತ್ತದೆ, ಬಾಕಿ ಇರುವಾಗ ಹೊಸದಾಗಿ ಕೊಂಡರೆ ಅದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಹತ್ತುತ್ತದೆ, ಎಂಬುದನ್ನು ನಾನು ಹೇಳಲಿಲ್ಲ. ಗೊತ್ತಿರಲಿಲ್ಲವೆಂದು ಬರೆದರೆ ನನಗೆ ಹಗುರ. ಆದರೆ ಗೊತ್ತಿತ್ತು. ತರಬೇತಿಯ ದಿನವೇ ಹೇಳಿದ್ದರು.

ಎರಡೂವರೆ ವರ್ಷದ ಮೇಲೆ ಕಾರ್ಡು ಹಂಚುವುದನ್ನು ಏಜೆನ್ಸಿ ನಿಲ್ಲಿಸಿತು. ನಿಂತ ಬಾಕಿಗಳೇ ರಾಶಿಯಾಗಿದ್ದವು. ಪಾಟೀಲ್ ಸರ್ ನನ್ನನ್ನೇ ವಸೂಲಿಗೆ ಹಾಕಿದರು. ಅವರ ಕ್ರಮ ಸರಳ. "ಮನಿಯೊಳಗ ಕೇಳಬ್ಯಾಡ್ರಿ ವಸಂತ. ಒಳಗ ಕೂಡ್ರಿಸಿ ಚಾ ಕೊಡ್ತಾರ, ನಿಮ್ಮ ಬಾಯಿ ಕಟ್ಟತೈತಿ. ಗೇಟಿನಾಗ ನಿಂತು ಕೇಳ್ರಿ. ಆಫೀಸಿನಾಗ ಕೇಳ್ರಿ. ನಾಲ್ಕು ಮಂದಿ ಕೇಳಿಸ್ಕೊಂಡ್ರ ಸಾಕು, ರೊಕ್ಕ ತಾನ ಬರತೈತಿ." ಬೈಯಬಾರದು, ಮುಟ್ಟಬಾರದು, ಹೆಸರು ಮತ್ತು ಮೊತ್ತ ಮಾತ್ರ ಸ್ಪಷ್ಟವಾಗಿ ಹೇಳಬೇಕು. ಕಾನೂನಿನಂತೆ ನೋಡಿದರೆ ನಾವು ತಪ್ಪೇನೂ ಮಾಡಿರುವುದಿಲ್ಲ ಎಂಬುದು ಅವರ ಧೈರ್ಯ.

ಕ್ರಮ ಕೆಲಸ ಮಾಡಿತು. ಮೊದಲ ತಿಂಗಳೇ ನನ್ನ ವಸೂಲಿ ಎಲ್ಲರಿಗಿಂತ ಹೆಚ್ಚು. ಹದಿನಾಲ್ಕು ವರ್ಷ ಮೆತ್ತಗೆ ಮಾತಾಡಿದ ಗಂಟಲು ಇಷ್ಟು ಬೇಗ ಪಳಗಿದ್ದು ನೋಡಿ ನನಗೇ ಆಶ್ಚರ್ಯವಾಗಿತ್ತು.

ಒಂದು ಸಲ ದಾಸನಕೊಪ್ಪಕ್ಕೆ ಹೋದೆ. ಪಟ್ಟಿಯಲ್ಲಿ ಮಂಜುನಾಥ ಎಂಬ ಹೆಸರಿತ್ತು. ಬಸ್ ಇಳಿದು ಕೇಳಿದಾಗ ಯಾರೋ ಕಿರಾಣಿ ಅಂಗಡಿ ತೋರಿಸಿದರು. ಬೆಳಿಗ್ಗೆಯ ವ್ಯಾಪಾರದ ಹೊತ್ತು, ಏಳೆಂಟು ಗಿರಾಕಿಗಳಿದ್ದರು. ನಾನು ರಸ್ತೆಯಿಂದಲೇ ಹೆಸರು ಹಿಡಿದು, ಮೊತ್ತ ಹೇಳಿ, ಏಳು ತಿಂಗಳಿಂದ ಕಟ್ಟಿಲ್ಲವೆಂದೆ. ಅಂಗಡಿಯಾತ ತಕ್ಕಡಿ ಕೆಳಗಿಟ್ಟ. ಸಿಟ್ಟಾಗಲಿಲ್ಲ. "ಒಳಗ ಬರ್ರಿ. ನೀರು ಕುಡೀರಿ. ಆಮ್ಯಾಲೆ ಆ ಕಾಗದದಾಗ ಅಪ್ಪನ ಹೆಸರು ಏನೈತಿ ಓದ್ರಿ" ಎಂದ. ಓದಿದೆ. ಅಪ್ಪನ ಹೆಸರು ಬೇರೆ. ನನಗೆ ಬೇಕಾದ ಮಂಜುನಾಥ ಶಾಲೆಯ ಗುಮಾಸ್ತ, ಆ ಊರು ಬಿಟ್ಟು ವರ್ಷವಾಗಿತ್ತು. ತಪ್ಪಾಯಿತು ಎಂದು ಅಂಗಡಿಯವನಿಗೆ ಮೆಲ್ಲಗೆ ಹೇಳಿದೆ. ಕೂಗಿದ್ದು ರಸ್ತೆಯಲ್ಲಿ, ತಪ್ಪೊಪ್ಪಿಕೊಂಡದ್ದು ತಕ್ಕಡಿಯ ಹಿಂದೆ. ಎರಡು ತಿಂಗಳ ನಂತರ ಆ ದಾರಿಯಲ್ಲಿ ಹೋದಾಗ, ಶಿರಸಿಯ ಸಗಟು ವ್ಯಾಪಾರಿ ಆತನಿಗೆ ಉದ್ರಿ ಕೊಡುವುದನ್ನು ನಿಲ್ಲಿಸಿದ್ದಾನೆಂದು ತಿಳಿಯಿತು. ನಾನು ಆ ವ್ಯಾಪಾರಿಯ ಹತ್ತಿರ ಹೋಗಿ ನಿಜ ಹೇಳಬಹುದಿತ್ತು. ಅವನ ಅಂಗಡಿ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಹೋಗಲಿಲ್ಲ.

ಸಿದ್ದಾಪುರದಲ್ಲಿ ಒಂದು ಮದುವೆ. ಹೆಂಡತಿ ಮಂಗಲಾಳ ಕಡೆಯ ಸಂಬಂಧ. ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ಕೂತಿದ್ದವರು, ಹಿಂದೆ ಶಾಲೆಯ ಗೇಟಿನಲ್ಲಿ ನಾನು ಬಾಕಿ ಕೇಳಿದ್ದ ಮೇಷ್ಟ್ರೊಬ್ಬರು, ನನ್ನ ಮುಖ ನೋಡಿದರು. ಸಾರು ಅನ್ನ ಕಲಸಿದ್ದ ಕೈ ಹಾಗೇ ನಿಂತಿತು. ಎಲೆಯಲ್ಲಿ ಅರ್ಧ ಊಟವಿದ್ದಂತೆಯೇ ಎದ್ದು ಕೈತೊಳೆಯಲು ಹೋದರು. ಮತ್ತೆ ಬರಲಿಲ್ಲ. ಬಡಿಸುವವರು ಪಾಯಸ ತಂದವರು ಆ ಎಲೆಯ ಮುಂದೆ ನಿಂತು, "ಇಲ್ಲಿ ಯಾರಿದ್ರು?" ಎಂದು ಕೇಳಿದರು. ಮಂಗಲಾ ನನ್ನ ಕಡೆ ನೋಡಲಿಲ್ಲ. ಆಮೇಲೆ ಮದುವೆ ಮುಂಜಿಗಳಿಗೆ ಅವಳೊಬ್ಬಳೇ ಹೋಗತೊಡಗಿದಳು. ನಾನೂ ಏಕೆ ಎಂದು ಕೇಳಲಿಲ್ಲ.

ಈಗ ಗಣಪತಿಯ ವಿಷಯ.

ಅವರ ಬಾಕಿ ಹುಟ್ಟಿದ್ದು ಶೋಕಿಯಿಂದಲ್ಲ. ತಾಯಿ ಜಾರಿಬಿದ್ದು ಸೊಂಟದ ಮೂಳೆ ಮುರಿದು, ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ಕಾರ್ಡು ಉಜ್ಜಿದರು. ಆಮೇಲೆ ಕನಿಷ್ಠ ಮೊತ್ತ ಕಟ್ಟುತ್ತಾ ಬಂದರು, ನಾನು ಹೇಳಿಕೊಟ್ಟ ಹಾಗೆ. ವರ್ಷ ಕಳೆದರೂ ಸಾಲ ಕರಗಲಿಲ್ಲ. ಅದನ್ನು ಕಟ್ಟಲು ಎರಡನೇ ಬ್ಯಾಂಕಿನ ಕಾರ್ಡಿನಿಂದ ನಗದು ತೆಗೆದರು, ಅದಕ್ಕೆ ಮೂರನೆಯದು. ಬ್ಯಾಂಕಿಗೆ ಕಟ್ಟುವ ಚೆಕ್ ಹಾಕುವ ಪೆಟ್ಟಿಗೆ ಇದ್ದದ್ದು ಹುಬ್ಬಳ್ಳಿಯಲ್ಲಿ. ಆ ಕಡೆ ಹೋಗುವ ಕಂಡಕ್ಟರ್ ಕೈಯಲ್ಲಿ ಕೊಟ್ಟು ಹಾಕಿಸಬೇಕು. ಒಂದು ದಿನ ತಡವಾದರೆ ದಂಡ. ಮೂರು ಸೇರಿ ಎಂಬತ್ತು ಸಾವಿರವಾಗಿತ್ತು. ಅವರ ಕೈಗೆ ಬರುವ ಸಂಬಳ ಆರೂವರೆ ಸಾವಿರ. ಹೆಂಡತಿಗೆ ಹೇಳಿರಲಿಲ್ಲ.

ನಮ್ಮ ಏಜೆನ್ಸಿಯದು ದೊಡ್ಡ ಕಾರ್ಡು, ನಲವತ್ತೊಂದು ಸಾವಿರ. ನಾಲ್ಕು ಸಲ ಡಿಪೋಕ್ಕೆ ಹೋದೆ, ಸಿಗಲಿಲ್ಲ. ತಿಂಗಳ ಕೊನೆ, ಪಾಟೀಲ್ ಸರ್ ಫೋನ್ ಮೇಲೆ ಫೋನ್. ಒಂದು ಬೆಳಿಗ್ಗೆ ಯಲ್ಲಾಪುರದಿಂದ ಶಿರಸಿಗೆ ಹೊರಟ ಬಸ್ಸಿನಲ್ಲಿ ಗಣಪತಿ ಡ್ಯೂಟಿಯಲ್ಲಿದ್ದದ್ದು ಕಂಡಿತು. ಹತ್ತಿದೆ. ಕಾಲೇಜು ಮಕ್ಕಳು, ಕೋರ್ಟಿಗೆ ಹೋಗುವವರು, ನಿಲ್ಲಲಿಕ್ಕೂ ಜಾಗವಿರಲಿಲ್ಲ.

ನನ್ನ ಹತ್ತಿರ ಬಂದಾಗ ಅವರು ಟಿಕೆಟ್ ಹರಿದು ಕೊಟ್ಟು, "ಶಿರ್ಸಿಲಿ ಇಳಿದ್ಮೇಲೆ ಮಾತಾಡುವ ವಸಂತಣ್ಣ, ದಮ್ಮಯ್ಯ" ಎಂದು ಮೆಲ್ಲಗೆ ಹೇಳಿದರು.

ನಾನು ಗಂಟಲು ಎತ್ತಿದೆ. "ಗಣಪತಿ ನಾಯ್ಕರೇ, ನಲವತ್ತೊಂದು ಸಾವಿರ ಬಾಕಿ ಇಟ್ಟು ತಲೆ ತಪ್ಪಿಸಿಕೊಂಡು ತಿರುಗ್ತೀರಿ. ದಿನಾ ಚೀಲದ ತುಂಬ ಹಣ ಹಿಡ್ಕೊಂಡು ಓಡಾಡೋರಿಗೆ ನಮ್ಮ ಬ್ಯಾಂಕಿಗೆ ಕೊಡ್ಲಿಕ್ಕೆ ಮಾತ್ರ ಇಲ್ವಾ?"

ಬಸ್ಸಿನ ಮಾತೆಲ್ಲ ನಿಂತುಹೋಯಿತು. ಚೀಲದ ಮಾತು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಪಾಟೀಲ್ ಸರ್ ಕೂಡ. ಅದು ನನ್ನದೇ. ಸರಕಾರದ ಹಣದ ಚೀಲ ಹೆಗಲಿಗಿದ್ದ ಮನುಷ್ಯನಿಗೆ ಅದಕ್ಕಿಂತ ಕೆಟ್ಟ ಮಾತು ಇಲ್ಲ. ಗಣಪತಿ ಒಬ್ಬರಿಗೆ ಎರಡು ಸಲ ಚಿಲ್ಲರೆ ಕೊಟ್ಟರು. ಮಂಚಿಕೇರಿಯಲ್ಲಿ ಹತ್ತಿದವರು ದುಡ್ಡು ಚಾಚಿದರೆ ತೆಗೆದುಕೊಂಡು ಚೀಲಕ್ಕೆ ಹಾಕಿದರು, ಟಿಕೆಟ್ ಕೊಡುವುದು ಮರೆತರು. ನಾನು ಬಿಡಲಿಲ್ಲ. "ಇವತ್ತು ಎಷ್ಟು ಕೊಡ್ತೀರಿ, ಅದೊಂದು ಹೇಳಿ" ಎಂದು ಅವರ ಬೆನ್ನ ಹಿಂದೆಯೇ ಕೇಳುತ್ತಿದ್ದೆ.

ಮುಂದೆ ಸ್ವಲ್ಪ ದೂರದಲ್ಲಿ ತಪಾಸಣೆಯವರು ಕೈ ಮಾಡಿ ಬಸ್ ನಿಲ್ಲಿಸಿದರು. ಒಂಬತ್ತು ಜನರ ಹತ್ತಿರ ಟಿಕೆಟ್ ಇರಲಿಲ್ಲ. ಒಂಬತ್ತೂ ಜನ, ದುಡ್ಡು ಕೊಟ್ಟಿದ್ದೇವೆ ಎಂದರು. ದುಡ್ಡು ಪಡೆದು ಟಿಕೆಟ್ ಕೊಡದಿರುವುದು ಕಂಡಕ್ಟರನಿಗೆ ಕಳ್ಳತನಕ್ಕೆ ಸಮ. ಹೇಳಿಕೆ ಬರೆಯಲು ಹೇಳಿದರು. ಗಣಪತಿ ಬಸ್ಸಿನ ಮೆಟ್ಟಿಲ ಮೇಲೆ ಕೂತು, 'ಗಡಿಬಿಡಿಯಲ್ಲಿ ಮರೆತೆ' ಎಂದಷ್ಟೇ ಬರೆದುಕೊಟ್ಟರು. ನಾನು ಎರಡು ಮಾರು ದೂರದ ಸೀಟಿನಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಅವರನ್ನು ಸಸ್ಪೆಂಡ್ ಮಾಡಿದರು. ಅರ್ಧ ಸಂಬಳ, ವಿಚಾರಣೆ.

ಹತ್ತು ದಿನದ ಮೇಲೆ ಆ ಬಸ್ಸಿನ ಡ್ರೈವರ್ ಇಮಾಮ್‌ಸಾಬ್ ನಮ್ಮ ಮನೆ ಹುಡುಕಿಕೊಂಡು ಬಂದರು. ಜಗಲಿಯಲ್ಲಿ ಕೂತು, ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಗಣಪತಿ ನಿಮ್ಮ ಹೆಸ್ರು ಎಲ್ಲೂ ಹೇಳಿಲ್ಲ. ಸಾಲದ ಸುದ್ದಿ ಇಲಾಖೆಗೆ ಗೊತ್ತಾದ್ರೆ ಹಣ ಹೊಡೆದದ್ದು ಹೌದು ಅಂತಾರೆ, ಅದ್ಕೆ ಹೆದರ್ತಾನೆ. ಆದ್ರೂ ನೀವಾಗೇ ಒಂದು ಕಾಗದ ಬರ್ದು ಕೊಟ್ರೆ? ನೀವು ಮಾತಾಡಿಸ್ತಾ ಇದ್ದಿದ್ಕೆ ಅವ್ನಿಗೆ ಟಿಕೆಟ್ ಕೊಡ್ಲಿಕ್ಕೆ ಆಗ್ಲಿಲ್ಲ ಅಂತ, ಅಷ್ಟೇ."

"ನಾನು ಆ ದಿನ ಬಸ್ಸಲ್ಲಿ ನಿದ್ದೆ ಮಾಡ್ತಿದ್ದೆ ಇಮಾಮ್‌ಸಾಬ್. ನಂಗೆಂತ ಗೊತ್ತಿಲ್ಲ" ಎಂದೆ.

ಅವರು ನನ್ನನ್ನು ನೋಡಿದರು. ಆ ಬಸ್ಸಿನ ಕನ್ನಡಿಯಲ್ಲಿ ದಾರಿಯುದ್ದಕ್ಕೂ ನನ್ನನ್ನು ಕಂಡವರು ಅವರೇ. ಟೋಪಿ ಹಾಕಿಕೊಂಡು ಎದ್ದರು. ಮಂಗಲಾ ತಂದ ಚಹಾ ಹಾಗೇ ಉಳಿಯಿತು. ಅಂಥ ಕಾಗದ ಕೊಟ್ಟರೆ ಏಜೆನ್ಸಿ ನನ್ನನ್ನು ಅದೇ ದಿನ ತೆಗೆಯುತ್ತಿತ್ತು, ಅದೇ ನನ್ನ ಕಾರಣ. ಆಗ ಅದು ದೊಡ್ಡ ಕಾರಣವಾಗಿ ಕಂಡಿತ್ತು.

ಮುಂದಿನ ವಾರ ಶಾರದಾ ಬಂದರು. ಯಲ್ಲಾಪುರದಿಂದ ಶಿರಸಿಗೆ ಬಸ್ಸಿನಲ್ಲಿ ಬಂದು, ಸಂಘದ ಹತ್ತಿರ ನನ್ನ ಮನೆ ಕೇಳಿಕೊಂಡು. ಬ್ಲೌಸ್ ಪೀಸಿನ ಚೀಲದ ತುಂಬ ಕಾಗದ, ಮೂರು ಬ್ಯಾಂಕಿನ ತಿಂಗಳ ಪಟ್ಟಿಗಳು, ಕೆಲವು ಒಡೆಯದ ಲಕೋಟೆಗಳು. ಬೈಯಲು ಬಂದಿದ್ದಾರೆಂದು ನಾನು ಬಾಗಿಲಲ್ಲೇ ನಿಂತೆ.

"ಇವ್ರು ಎಲ್ಲ ಟ್ರಂಕಿನ ಅಡಿಗೆ ಮುಚ್ಚಿಟ್ಟಿದ್ರು. ಮೊನ್ನೆ ತೆಗೆದೆ. ಇಂಗ್ಲಿಷು, ನಂಗೆ ಓದ್ಲಿಕ್ಕೆ ಬರೂದಿಲ್ಲ. ಇವ್ರಿಗೂ ಅಷ್ಟಕ್ಕಷ್ಟೆ. ಮಾಡಿಸಿಕೊಟ್ಟೋರು ನೀವಲ್ದಾ, ನೀವೇ ಓದಿ ಹೇಳಿ. ಎಷ್ಟು ಕೊಡ್ಬೇಕು, ಎಂತಕ್ಕೆ ಕೊಡ್ಬೇಕು."

ಬಸ್ಸಿನ ಸುದ್ದಿ ಎತ್ತಲಿಲ್ಲ. ಗಣಪತಿ ಅದನ್ನೂ ಅವರಿಂದ ಮುಚ್ಚಿಟ್ಟಿದ್ದಾರೆ ಎಂದುಕೊಂಡೆ. ನನಗೆ ಒಳಗೊಳಗೇ ನಿರಾಳವಾಯಿತು. ನಾಚಿಕೆಗೇಡಿನ ನಿರಾಳ. ಕಾಗದಗಳನ್ನು ತೆಗೆದುಕೊಂಡೆ.

ಆಮೇಲೆ ಸುಮಾರು ಏಳೆಂಟು ತಿಂಗಳು, ಭಾನುವಾರಗಳಂದು ಏಜೆನ್ಸಿಗೆ ತಿಳಿಯದಂತೆ ಅವರ ಮನೆಗೆ ಹೋದೆ. ನಾನು ಹೋದೊಡನೆ ಗಣಪತಿ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು. ಹೊಲಿಗೆ ಮಿಷನ್ನಿನ ಪಕ್ಕದ ಮೇಜಿನಲ್ಲಿ ನಾನೂ ಶಾರದಾರೂ ಕೂರುತ್ತಿದ್ದೆವು.

ಕಾರ್ಡಿನ ಸಾಲ ತೀರಿಸುವುದು ಹೇಗೆಂದು ನಾನು ನಿಜವಾಗಿ ಕಲಿತದ್ದು ಆ ಮೇಜಿನಲ್ಲಿ. ಹೊಸಬರು ಇದನ್ನು ಗಮನವಿಟ್ಟು ಓದಲಿ ಎಂದು ಬರೆಯುತ್ತೇನೆ. ಮೊದಲ ದಿನ ಶಾರದಾ ಬಟ್ಟೆ ಕತ್ತರಿಯಲ್ಲಿ ಮೂರೂ ಕಾರ್ಡು ಕತ್ತರಿಸಿದರು. ಎರಡನೇ ವಾರ ಮನೆಖರ್ಚು ಬರೆದೆವು. ಬಾಡಿಗೆ, ಅಕ್ಕಿ, ಹಾಲು, ಅತ್ತೆಯ ಮಾತ್ರೆ, ಮಕ್ಕಳ ಬಸ್ ಪಾಸು. ನಾನು ಹಾಲು ಅರ್ಧ ಮಾಡಿ ಎಂದೆ. ಅವರು ಪೆನ್ಸಿಲ್ ಕೆಳಗಿಟ್ಟರು.

"ಹಾಲು ಕಮ್ಮಿ ಮಾಡೂದಿಲ್ಲ. ಮಕ್ಕಳಿಗೆ ಸಾಲ ಗೊತ್ತಾಗೂದು ಹಾಲಿನಲ್ಲಿ. ಗ್ಯಾಸ್ ಬಿಡ್ತೆ, ಹೊಟ್ಟು ಹಾಕೂ ಒಲೆ ಉಂಟು. ಕೇಬಲ್ ತೆಗೆಸ್ತೆ. ಫ್ರಿಜ್ ಮಾರ್ತೆ. ದಿನಾ ಎರಡು ಬ್ಲೌಸ್ ಹೆಚ್ಚು ಹೊಲೀತೆ. ಅದ್ರಲ್ಲಿ ಎಷ್ಟು ಆಗ್ತದೆ ನೋಡಿ."

ಆಮೇಲೆ ಕಾಗದಗಳನ್ನು ಸಾಲುಸಾಲಾಗಿ ಓದಿದೆವು. ಕೇಳದೆ ಹೊರಿಸಿದ್ದ ವಿಮೆಯ ಕಂತು ಸಿಕ್ಕಿತು. ಚೆಕ್ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ತಡವಾಗಿ ಬಿದ್ದ ದಂಡಗಳು ಸಿಕ್ಕಿದವು. ಅವನ್ನು ತೆಗೆಯಿರಿ ಎಂದು, ಅರ್ಧ ಸಂಬಳದ ಆದೇಶದ ಪ್ರತಿ ಇಟ್ಟು, ಮೂರೂ ಬ್ಯಾಂಕಿಗೆ ನಾನು ಇಂಗ್ಲಿಷಿನಲ್ಲಿ ಪತ್ರ ಬರೆದೆ, ಗಣಪತಿಯ ಸಹಿ. ಬಡ್ಡಿ ನಿಲ್ಲಿಸಿ ಕಂತು ಮಾಡಿಕೊಡಿ ಎಂದು ಕೇಳಿದೆವು. ತಮ್ಮ ಎರಡು ಬಳೆಗಳನ್ನು ಸಂಘದಲ್ಲಿ ಅಡವಿಟ್ಟು ಶಾರದಾ ಹದಿಮೂರು ಸಾವಿರದ ಚಿಕ್ಕ ಕಾರ್ಡನ್ನು ಒಮ್ಮೆಗೇ ತೀರಿಸಿದರು. ಸಂಘದ ಬಡ್ಡಿ ಕಾರ್ಡಿನ ಬಡ್ಡಿಯ ಮೂರರಲ್ಲೊಂದು ಪಾಲೂ ಇರಲಿಲ್ಲ. ಇದನ್ನು ಮೊದಲ ವರ್ಷವೇ ಗಣಪತಿಗೆ ಹೇಳಬಹುದಾಗಿದ್ದವನು ನಾನು. ಅದೇ ಸಂಘಕ್ಕೆ ಹದಿನಾಲ್ಕು ವರ್ಷ ದುಡಿದವನು.

ಬ್ಯಾಂಕುಗಳು ಸುಲಭಕ್ಕೆ ಒಪ್ಪಲಿಲ್ಲ. ಮುಂಬೈಯಿಂದ, ಚೆನ್ನೈಯಿಂದ ಫೋನ್ ಬರುತ್ತಿತ್ತು, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಶಾರದಾ ಪ್ರತಿ ಸಲವೂ ಕನ್ನಡದಲ್ಲಿ ಒಂದೇ ಮಾತು ಹೇಳುತ್ತಿದ್ದರು. "ಎಂತ ಹೇಳೂದಿದ್ರೂ ಕಾಗದದಲ್ಲಿ ಬರ್ದು ಕಳಿಸಿ." ಅತ್ತ ಕಡೆಯವರಿಗೆ ಅರ್ಥವಾಗದಿದ್ದರೂ ಇವರು ಬೇರೆ ಮಾತಾಡುತ್ತಿರಲಿಲ್ಲ. ಐದು ತಿಂಗಳಿಗೆ ಒಂದು ಬ್ಯಾಂಕಿನವರು ಕಾಗದದಲ್ಲಿ ಬರೆದರು, ಬಾಕಿ ಚುಕ್ತಾ ಮಾಡಲು ಹತ್ತೊಂಬತ್ತು ಸಾವಿರ ಸಾಕೆಂದು ಒಪ್ಪಿ. ನಮ್ಮ ಬ್ಯಾಂಕು ಬಡ್ಡಿ ನಿಲ್ಲಿಸಿ ತಿಂಗಳಿಗೆ ಸಾವಿರದ ಎಂಟುನೂರರ ಕಂತು ಮಾಡಿತು.

ಇಲ್ಲೊಂದು ವಿಷಯ ಹೇಳದೆ ಹೋದರೆ ಈ ಬರಹವೇ ಸುಳ್ಳಾಗುತ್ತದೆ. ಆ ಕಂತನ್ನು ಮೊದಲ ನಾಲ್ಕು ತಿಂಗಳು ಶಾರದಾ ನನ್ನ ಕೈಯಲ್ಲೇ ಕೊಟ್ಟರು. ವಸೂಲಿಯ ಲೆಕ್ಕದಲ್ಲಿ ಅದಕ್ಕೆ ನನಗೆ ಕಮಿಷನ್ ಬಂತು. ತೆಗೆದುಕೊಂಡೆ. ಐದನೇ ತಿಂಗಳು ತಡೆಯಲಾರದೆ, ಇನ್ನು ನೇರವಾಗಿ ಡಿ.ಡಿ. ಕಳಿಸಿ ಎಂದೆ. ಬಂದದ್ದನ್ನು ಹಿಂದೆ ಕೊಡಲಿಲ್ಲ. ಕೊಡಲು ಹೋದರೆ ಎಲ್ಲ ಹೇಳಬೇಕಾಗುತ್ತಿತ್ತು.

ಸಸ್ಪೆಂಡ್ ಆದ ಎರಡೂವರೆ ತಿಂಗಳ ಮೇಲೆ ಗಣಪತಿಯನ್ನು ಮತ್ತೆ ಕೆಲಸಕ್ಕೆ ಕರೆದಿದ್ದರು. ಎರಡು ಇನ್‌ಕ್ರಿಮೆಂಟ್ ಕಡಿತ, ಕರಾವಳಿ ಕಡೆಯ ಡಿಪೋಕ್ಕೆ ವರ್ಗ. ಮನೆ ಯಲ್ಲಾಪುರದಲ್ಲೇ ಉಳಿಯಿತು. ವಾರಕ್ಕೊಮ್ಮೆ ಅರಬೈಲ್ ಘಟ್ಟ ಹತ್ತಿ ಬರುತ್ತಿದ್ದರು. ನಮ್ಮ ಕೆಲಸದ ರೀತಿಯೂ ಅಷ್ಟರಲ್ಲಿ ಬದಲಾಗುತ್ತಾ ಬಂತು. ಮನೆಗೆ ಹೋಗುವ ಮೊದಲು ಪತ್ರ ಕೊಡಬೇಕು, ಗುರುತಿನ ಚೀಟಿ ತೋರಿಸಬೇಕು, ಬೇರೆಯವರೆದುರು ಬಾಕಿಯ ಮಾತು ಎತ್ತಬಾರದು ಎಂದು ಮೇಲಿನಿಂದ ನಿಯಮ ಬಂತು. ಪಾಟೀಲ್ ಸರ್ ಅದನ್ನು ಓದಿ ಹೇಳಿದಾಗ ಆಫೀಸಿನಲ್ಲಿ ನಕ್ಕವರಿದ್ದರು. ನಾನು ಕೈಯಲ್ಲಿದ್ದ ಆ ಹಾಳೆಯನ್ನು ಮತ್ತೆ ಮತ್ತೆ ಓದಿದೆ. ಒಂದೆರಡು ವರ್ಷ ಮೊದಲು ಬಂದಿದ್ದರೆ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ ಎಂದು ಅನ್ನಿಸಿತು. ನಿಯಮವಿಲ್ಲದಿದ್ದರೆ ಒಳ್ಳೆಯವನಾಗಲಿಕ್ಕೆ ಬರುವುದಿಲ್ಲವೇ ಎಂದು ಆಗ ಕೇಳಿಕೊಳ್ಳಲಿಲ್ಲ.

ಹೆಚ್ಚುಕಡಿಮೆ ಮೂರು ವರ್ಷಕ್ಕೆ ಕೊನೆಯ ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ ಬಂತು. ಶಾರದಾ ಫೋನ್ ಮಾಡಿ ಕರೆದರು. ಹೋದಾಗ ಗಣಪತಿ ರಜೆಯಲ್ಲಿದ್ದರು. ನನ್ನನ್ನು ನೋಡಿ ಎಂದಿನಂತೆ ಹಿತ್ತಿಲಿಗೆ ಹೋದರು. ಪತ್ರವನ್ನು ಓದಿ ಅರ್ಥ ಹೇಳಿದೆ. ಶಾರದಾ ಅದನ್ನು ಮಡಚಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರು. ಚಹಾ ತಂದರು. ಆಗ ನಾನು, ಮೂರು ವರ್ಷದಿಂದ ಬಾಯಿಪಾಠ ಮಾಡಿಕೊಂಡಿದ್ದನ್ನು ಹೇಳಲು ಶುರುಮಾಡಿದೆ.

"ಶಾರದಕ್ಕ, ನಿಮ್ಮ ಹತ್ರ ಒಂದು ಹೇಳೂದಿತ್ತು. ಆ ದಿನ ಬಸ್ಸಲ್ಲಿ..."

"ಗೊತ್ತುಂಟು" ಎಂದರು.

ಕೈಯಲ್ಲಿದ್ದ ಚಹಾ ಲೋಟವನ್ನು ಮೇಜಿನ ಮೇಲಿಟ್ಟೆ.

"ಅವತ್ತು ಮನೆಗೆ ಬಂದವ್ರೇ ಹೇಳಿದ್ರು. ನೀವು ಎಂತ ಹೇಳಿದ್ರಿ, ಯಾರೆಲ್ಲ ಕೇಳಿಸ್ಕೊಂಡ್ರು, ಎಲ್ಲ. ಇಮಾಮ್‌ಸಾಬ್ರಿಗೆ ನೀವು ನಿದ್ದೆ ಅಂದದ್ದೂ ಗೊತ್ತುಂಟು."

"ಮತ್ತೆ ನೀವು ಒಂದು ಮಾತೂ..."

"ಕೇಳಿದ್ರೆ ನೀವು ಬರ್ತಿದ್ರಾ? ನಂಗೆ ಆ ಕಾಗ್ದ ಓದೋ ಜನ ಬೇಕಿತ್ತು. ಈ ಊರಲ್ಲಿ ಬೇರೆ ಯಾರ ಹತ್ರ ಹೋದ್ರೂ ಮರುದಿನ ಊರಿಗೆಲ್ಲ ಸುದ್ದಿ. ನೀವು ಮಾತ್ರ ಯಾರಿಗೂ ಹೇಳ್ತಿರ್ಲಿಲ್ಲ. ಹೇಳ್ಲಿಕ್ಕೆ ನಿಮ್ಗೇ ಮುಖ ಇರ್ಲಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಳತೆ ಹೇಳುವ ಹಾಗೆ ಹೇಳಿದರು. "ನಾ ಮಾಫಿ ಮಾಡಿದ್ದೆ ಅಂತ ತಿಳ್ಕೊಳ್ಬೇಡಿ. ಇವ್ರಂತೂ ಮಾಡಿಲ್ಲ."

ಆಮೇಲೆ ಮಿಷನ್ನಿನ ಡ್ರಾಯರಿನಿಂದ ಎರಡು ಬಿಳಿ ಹಾಳೆ, ಪೆನ್ನು ತೆಗೆದು ನನ್ನ ಮುಂದಿಟ್ಟರು.

"ಸಾಲ ಇರೂವಾಗ ಈ ಕಾಗ್ದ ಕೊಟ್ಟಿದ್ರೆ ಇವ್ರ ಮೇಲೇ ಅನುಮಾನ ಬರ್ತಿತ್ತು. ಈಗ ಸಾಲ ಇಲ್ಲ, ತೋರಿಸ್ಲಿಕ್ಕೆ ಮೂರು ಪತ್ರ ಉಂಟು. ಈಗ ಬರೀರಿ."

ಆ ಕಾಗದದಿಂದ ಇನ್‌ಕ್ರಿಮೆಂಟ್ ವಾಪಸ್ ಬರಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೇಲ್ಮನವಿಯ ಅವಧಿ ಮುಗಿದಿದೆ, ಕಡತದಲ್ಲಿ ಸೇರಿಸಲಾಗಿದೆ ಎಂದು ಇಲಾಖೆಯಿಂದ ಒಂದು ಸಾಲಿನ ಉತ್ತರ ಬಂತು. ಗಣಪತಿ ನಿವೃತ್ತಿಯವರೆಗೂ ಕಡಿಮೆ ಸಂಬಳವನ್ನೇ ತೆಗೆದುಕೊಂಡರು. ಕಾಗದದ ಒಂದು ಪ್ರತಿ ನನ್ನ ಏಜೆನ್ಸಿಗೂ ಹೋಯಿತು. ಪಾಟೀಲ್ ಸರ್ ನನ್ನನ್ನು ತೆಗೆಯಲಿಲ್ಲ, ಕರೆದು ಬೈಯಲೂ ಇಲ್ಲ. ಮೂರು ವರ್ಷ ನಾನು ಹೆದರಿದ್ದು ಇದಕ್ಕೇ.

ಪೆನ್ನು ತೆಗೆದುಕೊಂಡು ಬರೆದೆ. 'ಸದರಿ ದಿನ ನಾನು ಬಾಕಿಯ ಬಗ್ಗೆ ಕಂಡಕ್ಟರರ ಜೊತೆ ಸ್ವಲ್ಪ ಜೋರಾಗಿ ಮಾತನಾಡಿದ್ದರಿಂದ ಅವರ ಗಮನ ಬೇರೆಡೆಗೆ ಹೋಗಿ' ಎಂದು. ಶಾರದಾ ಹಾಳೆ ತೆಗೆದುಕೊಂಡು ಬೆರಳಿಟ್ಟು ಓದಿದರು.

"ಸ್ವಲ್ಪ ತೆಗೀರಿ" ಎಂದರು. "ಎಂತ ಮಾತಾಡಿದ್ರಿ, ಅದನ್ನೇ ಬರೀರಿ. ಚೀಲದ್ದು."

ಎರಡನೇ ಹಾಳೆಯಲ್ಲಿ ಮತ್ತೆ ಬರೆದೆ. ಚೀಲದ ಮಾತನ್ನು ಆಡಿದಂತೆಯೇ ಬರೆದೆ. ತಪಾಸಣೆಯವರು ಬಂದಾಗ ಗೊತ್ತಿದ್ದೂ ಸುಮ್ಮನೆ ಕೂತೆ ಎಂದೂ, ಕೇಳಲು ಬಂದವರಿಗೆ ಸುಳ್ಳು ಹೇಳಿದೆ ಎಂದೂ ಬರೆದೆ. ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ.

"ಓದಿ. ಜೋರಾಗಿ ಓದಿ. ಅವ್ರು ಹಿತ್ತಿಲಲ್ಲಿದ್ದಾರೆ, ಮೆಲ್ಲಗೆ ಓದಿದ್ರೆ ಕೇಳೂದಿಲ್ಲ."

ಎದ್ದು ನಿಂತು ಓದಿದೆ. ಮೊದಲ ಸಾಲನ್ನು ಮೆಲ್ಲಗೆ ಓದಿದೆ. ಶಾರದಾ ಕಾಯುತ್ತಾ ನಿಂತಿದ್ದರು. ಮತ್ತೆ ಶುರುಮಾಡಿದೆ. ಪಕ್ಕದ ಮನೆಯ ಹಿತ್ತಿಲಲ್ಲಿ ಯಾರೋ ಪಾತ್ರೆ ತಿಕ್ಕುತ್ತಿದ್ದರು, ನನ್ನ ಹೆಸರು, ನಾನು ಆಡಿದ ಮಾತು ಓದುತ್ತಿದ್ದಂತೆ ಆ ಸದ್ದು ನಿಂತಿತು. ಕೊನೆಯವರೆಗೂ ಓದಿದೆ.

ಗಣಪತಿ ಹಿತ್ತಿಲ ಬಾಗಿಲಲ್ಲಿ ಬಂದು ನಿಂತರು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಹಾಳೆ ಈಸಿಕೊಂಡು, ಬೆಳಕಿಗೆ ಹಿಡಿದು ನೋಡಿದರು. ಮೂರು ವರ್ಷದಲ್ಲಿ ಅವರು ನನ್ನ ಹತ್ತಿರ ಆಡಿದ ಮೊದಲ ಮಾತು ಇದು.

"ಬಸ್ಸಿನ ನಂಬರ್ ಬರೀಲಿಲ್ಲ ನೀವು."

ನಂಬರ್ ಹೇಳಿದರು. ಬರೆದುಕೊಂಡೆ.